ಭೇಟಿಯ ಭಾನುವಾರಗಳು

ಏಪ್ರಿಲ್ 26, 1998, ಭಾನುವಾರ. ಚಿತ್ತಾಪುರ

ಮಗಳನ್ನು ಕಾಲೇಜಿಗೆ ಸೇರಿಸುವುದೋ, ಕಾಲೇಜಿಗೆ ಧಾರೆ ಎರೆದು ಕೊಡುವುದೋ, ಒಂದೂ ತಿಳಿಯದಾಗಿದೆ. ಪ್ರಮಿತಾಳ ಹತ್ತನೆಯ ತರಗತಿಯ ಪರೀಕ್ಷೆ ಈಗಷ್ಟೇ ಮುಗಿದಿದೆ. ಫಲಿತಾಂಶ ಬರಲು ಇನ್ನೂ ತಿಂಗಳಿದೆ. ಆಗಲೇ ನನ್ನ ತಲೆ ಚಿಟ್ಟು ಹಿಡಿದು ಹೋಗಿದೆ.

ಸೇಡಂ ಹತ್ತಿರದ ಕಾಗಿಣಾ ಕನ್ಯಾ ವಸತಿ ಕಾಲೇಜಿನಲ್ಲಿ ವಿಜ್ಞಾನಕ್ಕೆ ಇರುವುದೇ ಅರವತ್ತು ಸೀಟು. ಅಲ್ಲಿ ಕಲಿತವರು ಮೆಡಿಕಲ್ ಸೇರುತ್ತಾರೆ ಎಂದು ವಾಡಿಯಿಂದ ಚಿಂಚೋಳಿವರೆಗಿನ ತಾಯಂದಿರೆಲ್ಲ ಅದರ ಹೆಸರು ಜಪಿಸುತ್ತಾರೆ. ನಾನೂ ಜಪಿಸುತ್ತೇನೆ. ಪ್ರಮಿತಾ ಜಾಣೆ, ಅಂಕ ಬಂದೇ ಬರುತ್ತದೆ, ಸೀಟು ಕೊಡದೆ ಎಲ್ಲಿಗೆ ಹೋಗುತ್ತಾರೆ ಎಂದುಕೊಂಡು ಹಾಯಾಗಿದ್ದೆ. ಇವತ್ತು ನಾನು ಕಲಿಸುವ ಶಾಲೆಯ ಗಣಿತದ ಟೀಚರ್ ಪದ್ಮಶ್ರೀ ಮನೆಗೆ ಬಂದು ಆ ಹಾಯಿಗೆ ಕಲ್ಲು ಹಾಕಿ ಹೋದಳು. ಅಲ್ಲಿ ಬರೀ ಅಂಕ ನೋಡುವುದಿಲ್ಲವಂತೆ. ಆಸಕ್ತಿ ನೋಡುತ್ತಾರಂತೆ. ಮೇ ತಿಂಗಳ ಭಾನುವಾರಗಳಲ್ಲಿ ತಾಯಿ ಮಗಳು ಹೋಗಿ ಕಾಲೇಜು, ಹಾಸ್ಟೆಲ್ ಎಲ್ಲ ನೋಡಿ ಬರಬೇಕಂತೆ. ಯಾರು ಬಂದರು, ಹೇಗೆ ನಡೆದುಕೊಂಡರು ಎಂಬುದನ್ನು ಪ್ರಿನ್ಸಿಪಾಲರೂ ವಾರ್ಡನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಾರಂತೆ. ಪದ್ಮಶ್ರೀಯ ಅಕ್ಕನ ಮಗಳಿಗೆ ಹೋದ ವರ್ಷ ನೂರಕ್ಕೆ ತೊಂಬತ್ತು ಬಂದಿತ್ತು. ಒಂದು ದಿನವೂ ಆ ಕಡೆ ಹೋಗಲಿಲ್ಲವೆಂದು ಸೀಟು ಕೊಡಲಿಲ್ಲ.

ಆಸಕ್ತಿಯನ್ನು ಹೇಗೆ ತೋರಿಸುವುದು, ತಟ್ಟೆಯಲ್ಲಿಟ್ಟುಕೊಂಡು ಹೋಗಲೇ ಎಂದೆ. ನಮ್ಮ ಮನೆಯವರು ಪೇಪರಿನ ಹಿಂದಿನಿಂದಲೇ, ಹೋಗಿ ಬಂದರಾಯಿತಲ್ಲ ಎಂದರು. ತಹಸೀಲ್ ಕಚೇರಿಯಲ್ಲಿ ಕೂತು ಕೂತು ಅವರಿಗೆ ಎಲ್ಲವೂ 'ಆಯಿತಲ್ಲ' ಆಗಿಬಿಟ್ಟಿದೆ.

ಸಂಜೆ ದೀಪ ಹಚ್ಚಿ ರಾಯರಿಗೆ ಹರಕೆ ಹೊತ್ತೆ. ಸೀಟಿನ ಕಾಗದ ಕೈಗೆ ಬರುವತನಕ ನಾನೂ ಪ್ರಮಿತಾಳೂ ಮನೆಯ ಅಡುಗೆ ಬಿಟ್ಟು ಬೇರೆಯವರ ಕೈಯ ಅನ್ನ ಮುಟ್ಟುವುದಿಲ್ಲ. ನನಗೇನು, ಮೊದಲಿನಿಂದಲೂ ಹೊರಗೆ ಉಂಡವಳಲ್ಲ. ಕಷ್ಟವೆಲ್ಲ ಪ್ರಮಿತಾಳಿಗೆ. ಬೇಕರಿಯ ಪಫ್ ಇಲ್ಲ ಎಂದದ್ದಕ್ಕೆ ಮುಖ ಉಬ್ಬಿಸಿಕೊಂಡು ಕೂತಿದ್ದಾಳೆ. ಡಾಕ್ಟರ್ ಆಗಲು ಹೊರಟವಳಿಗೆ ಇಷ್ಟೂ ತಡೆಯಲಾಗದಿದ್ದರೆ ಹೇಗೆ?

ಮೇ 3, ಭಾನುವಾರ

ಮೊದಲ ಭೇಟಿ ಮುಗಿಯಿತು. ಪ್ಯಾಸೆಂಜರ್ ಗಾಡಿ ಎಂದಿನಂತೆ ಬಹಳ ತಡ. ಮಳಖೇಡ ರೋಡಿನಲ್ಲಿ ಯಾಕೆ ನಿಂತಿತೆಂದು ಆ ಡ್ರೈವರನಿಗಾದರೂ ಗೊತ್ತಿತ್ತೋ ಇಲ್ಲವೋ. ಸೇಡಮ್ಮಿನಲ್ಲಿ ಇಳಿದು, ಜೀಪಿನಲ್ಲಿ ಒಬ್ಬರ ಮೇಲೊಬ್ಬರು ಕೂತು, ಸಿಮೆಂಟಿನ ಧೂಳು ಕುಡಿದು ಮುಟ್ಟುವಷ್ಟರಲ್ಲಿ ನನ್ನ ಇಸ್ತ್ರಿ ಸೀರೆಯಲ್ಲಿದ್ದ ಆಸಕ್ತಿಯೆಲ್ಲ ಮುದುಡಿ ಹೋಗಿತ್ತು.

ಕಾಲೇಜು ಚೆನ್ನಾಗಿದೆ, ಸುಳ್ಳು ಹೇಳಬಾರದು. ಪ್ರಯೋಗಾಲಯ ದೊಡ್ಡದು. ಹಾಸ್ಟೆಲಿನ ಕೋಣೆಗೆ ನಾಲ್ಕು ಮಂಚ, ಕಿಟಕಿಗೆ ಗಟ್ಟಿ ಸರಳು. ಪ್ರಿನ್ಸಿಪಾಲ ಭಗವಂತ ಸರ್ ಮೆತ್ತಗೆ ಮಾತಾಡುವ ಮನುಷ್ಯ. ವಾರ್ಡನ್ ರತ್ನಾಬಾಯಿ ದೊಡ್ಡ ಕುಂಕುಮದ ಗಟ್ಟಿಗಿತ್ತಿ, ಎಲ್ಲರನ್ನೂ ನೋಡುತ್ತಾಳೆ, ಮಾತು ಕಡಿಮೆ.

ಮಧ್ಯಾಹ್ನ ಗಂಟೆ ಹೊಡೆದರು. ಬಂದವರೆಲ್ಲ ಮೆಸ್ಸಿನಲ್ಲಿ ಶಹಾಬಾದ್ ಕಲ್ಲಿನ ನೆಲದ ಮೇಲೆ ಸಾಲಾಗಿ ಕೂತರು. ಹಾಸ್ಟೆಲಿನ ಊಟವನ್ನೇ ಎಲ್ಲರಿಗೂ ಬಡಿಸುವುದು ಅವರ ಪದ್ಧತಿಯಂತೆ. ನಾವು ಹೊರಗೆ ಬೇವಿನ ಮರದ ಕೆಳಗೆ ಡಬ್ಬಿ ಬಿಚ್ಚಿದೆವು. ಚಪಾತಿ, ಮೆಂತ್ಯದ ಹಿಟ್ಟು, ಮೊಸರು. ಕುಡಿಯಲು ಮನೆಯ ನೀರು. ರತ್ನಾಬಾಯಿ ಎರಡು ಸಲ ಬಂದು ಒಳಗೆ ಕರೆದಳು. ನಮ್ಮದು ನಮಗಿದೆ ಎಂದು ನಗುನಗುತ್ತಲೇ ಹೇಳಿದೆ. ಹರಕೆಯ ಮಾತು ಹೇಳಲಿಲ್ಲ. ಹೇಳಿದರೆ ಫಲ ಹೋಗುತ್ತದೆ.

ನಮ್ಮ ಪ್ರಮಿತಾಳ ಗೆಳತಿ ಶ್ರುತಿಯೂ ಬಂದಿದ್ದಳು, ತಾಯಿ ಹಣಮಮ್ಮನ ಜೊತೆ. ಊರ ಹೊರಗಿನ ಹೊಳೆದಂಡೆಯ ಕೇರಿಯವರು. ಶ್ರುತಿಯ ಅಪ್ಪ ಮಾಣಿಕಪ್ಪ ಶಹಾಬಾದಿನ ಫರಸಿ ಕಲ್ಲಿನ ಗಣಿಯಲ್ಲಿ ಕೆಲಸ ಮಾಡುತ್ತಾನೆ. ಹಣಮಮ್ಮ ಎಲ್ಲರ ನಡುವೆ ಚಕ್ಕಳಮಕ್ಕಳ ಕೂತು ಎರಡು ಸಲ ಅನ್ನ ಹಾಕಿಸಿಕೊಂಡಳು. ಪ್ರಮಿತಾ ಕೈ ತೊಳೆಯಲು ಹೋದವಳು ಶ್ರುತಿಯ ಜೊತೆ ಎಲ್ಲೋ ಹೋಗಿ ಬಹಳ ಹೊತ್ತಿಗೆ ಬಂದಳು. ಬಂದು ಅರ್ಧ ಚಪಾತಿಯನ್ನೂ ಮುಗಿಸಲಿಲ್ಲ. ಸೆಕೆಗೆ ಹಸಿವೇ ಸತ್ತಿದೆ ಎಂದಳು. ಈ ಹುಡುಗಿ ಒಬ್ಬಳೇ ಇದ್ದರೆ ಉಣ್ಣುವುದನ್ನೇ ಮರೆಯುತ್ತಾಳೆ.

ಮೇ 10, ಭಾನುವಾರ

ಎರಡನೆಯ ಭೇಟಿ. ಇವತ್ತು ಆಸಕ್ತಿ ತೋರಿಸುವುದರಲ್ಲಿ ನಾನು ಏನೂ ಕಡಿಮೆ ಮಾಡಲಿಲ್ಲ. ಬಂದ ತಾಯಂದಿರಲ್ಲಿ ಅರ್ಧ ಜನ ಗೋಡೆಗೆ ಒರಗಿ ತೂಕಡಿಸುತ್ತಿದ್ದರು. ನಾನು ರತ್ನಾಬಾಯಿಯನ್ನು ಹಿಡಿದು ಕೂರಿಸಿ ಒಂದೊಂದೇ ಕೇಳಿದೆ. ನೀರು ಕಾಸುತ್ತೀರೋ? ಅಡುಗೆಗೆ ಬೆಳ್ಳುಳ್ಳಿ ಹಾಕುತ್ತೀರೋ? ಶನಿವಾರ ಸಂಜೆ ಮನೆಗೆ ಕಳಿಸಿ ಸೋಮವಾರ ಬೆಳಗ್ಗೆ ಬಂದರೆ ನಡೆಯುತ್ತದೋ? ಏಕಾದಶಿಗೆ ರಜೆ ಕೊಡುತ್ತೀರೋ? ಮಗಳಿಗೆ ಕೆಮ್ಮು ಬಂದರೆ ಯಾರಿಗೆ ಫೋನು ಮಾಡುತ್ತೀರಿ?

ಕೊನೆಗೆ ನನ್ನ ದೊಡ್ಡ ಬಾಣ ಬಿಟ್ಟೆ. ಬೇಕಾದರೆ ಸಂಬಳವಿಲ್ಲದ ರಜೆ ಹಾಕಿ, ಸೇಡಮ್ಮಿನಲ್ಲೇ ಒಂದು ಕೋಣೆ ಹಿಡಿದು, ಎರಡು ಹೊತ್ತೂ ಬಿಸಿ ಅಡುಗೆ ಮಾಡಿ ತಂದು ಕೊಡಲು ನಾನು ತಯಾರು ಎಂದೆ. ಇದಕ್ಕಿಂತ ಹೆಚ್ಚಿನ ಆಸಕ್ತಿಯನ್ನು ಯಾವ ತಾಯಿ ತೋರಿಸಿಯಾಳು? ರತ್ನಾಬಾಯಿ ಎಲ್ಲವನ್ನೂ ಕೇಳಿಸಿಕೊಂಡಳು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಗೋಡೆಗೆ ಮಾತಾಡಿದಂತಾಯಿತು. ಮಾತಾಡಿ ಗಂಟಲು ಒಣಗಿತ್ತು, ನಮ್ಮ ನೀರೂ ಮುಗಿದಿತ್ತು. ಅವಳು ಕೊಟ್ಟ ನೀರನ್ನೇ ಕುಡಿದೆ. ನೀರಿಗೆ ದೋಷವಿಲ್ಲ.

ಹಣಮಮ್ಮ ಕೇಳಿದ್ದು ಒಂದೇ ಪ್ರಶ್ನೆ, ಹುಡುಗಿಯರು ಬಟ್ಟೆ ಒಣಗಹಾಕುವುದು ಎಲ್ಲಿ ಎಂದು. ಆಮೇಲೆ ಉಂಡು, ಸೆರಗು ಹೊದ್ದು, ನಮ್ಮದೇ ಬೇವಿನ ಮರದ ಕೆಳಗೆ ಗೊರಕೆ ಹೊಡೆದಳು. ಪಾಪ, ಶ್ರುತಿ ಬುದ್ಧಿವಂತ ಹುಡುಗಿ. ತಾಯಿಗೆ ಆಸಕ್ತಿ ತೋರಿಸಲು ಬರುವುದಿಲ್ಲ.

ಪ್ರಮಿತಾ ಇವತ್ತೂ ಡಬ್ಬಿ ಹಾಗೇ ವಾಪಸು ತಂದಳು.

ಮೇ 14, ಗುರುವಾರ

ಸೇಡಮ್ಮಿಗೆ ಹೋಗಿ ಕೋಣೆ ನೋಡಿ ಬಂದೆ. ಮನೆಯ ಒಡತಿ ಸರ್ವರಬೇಗಂ ಒಳ್ಳೆಯ ಹೆಂಗಸು. ಅಡುಗೆಗೆ ಬೇರೆ ಜಾಗ, ಹಿತ್ತಲಲ್ಲಿ ತುಳಸಿ ಇಡಲೂ ಜಾಗವಿದೆ, ಜೂನಿನಿಂದ ಬನ್ನಿ ಎಂದಳು. ಅಲ್ಲಿಂದ ಕಾಲೇಜಿಗೆ ಜೀಪಿನಲ್ಲಿ ಎಷ್ಟು ಹೊತ್ತು? ಪ್ರಮಿತಾಳ ಮಧ್ಯಾಹ್ನದ ಊಟ ಆರದಂತೆ ಮುಟ್ಟಿಸಬಹುದು.

ಮನೆಗೆ ಬಂದು ಖುಷಿಯಿಂದ ಹೇಳಿದರೆ ಪ್ರಮಿತಾ ಎದ್ದು ಒಳಗೆ ಹೋದಳು. ಇವರು ಚಷ್ಮಾ ತೆಗೆದು, ಹಾಸ್ಟೆಲ್ ಆಕೆಗೋ ನಿನಗೋ ಎಂದರು. ಬೇಕಾದಾಗ ಬಾಯಿ ಬಿಡುವುದಿಲ್ಲ, ಬೇಡವಾದಾಗ ಮಾತಾಡುತ್ತಾರೆ. ಎರಡು ದಿನ ಅವರೊಡನೆ ಮಾತು ಬಿಟ್ಟಿರುತ್ತೇನೆ.

ಮೇ 22, ಶುಕ್ರವಾರ

ಫಲಿತಾಂಶ! ಪ್ರಮಿತಾಳಿಗೆ ಆರುನೂರಾ ಇಪ್ಪತ್ತೈದಕ್ಕೆ ಐನೂರಾ ಎಪ್ಪತ್ತೆರಡು. ಇಡೀ ಶಾಲೆಗೆ ಮೊದಲು. ಅಳು, ನಗು, ಕೆಲಸ ಎಲ್ಲ ಒಟ್ಟಿಗೆ ಬಂತು. ಶ್ರುತಿಗೆ ಐನೂರಾ ಮೂವತ್ತು. ಅದೂ ಒಳ್ಳೆಯದೇ. ಓಣಿಗೆಲ್ಲ ಪೇಢಾ ಹಂಚಿದೆ. ಅಂಗಡಿಯದಲ್ಲವೆ, ನಾವಿಬ್ಬರೂ ತಿನ್ನಲಿಲ್ಲ.

ಮೇ 24, ಭಾನುವಾರ

ಮೂರನೆಯ ಭೇಟಿ. ಭಗವಂತ ಸರ್ ಎಲ್ಲರನ್ನೂ ಕೂರಿಸಿ ಅರ್ಧ ತಾಸು ಮಾತಾಡಿದರು. ಪ್ರತಿ ವರ್ಷ ಒಳ್ಳೆಯ ಅಂಕದ ಹುಡುಗಿಯರು ಸೀಟು ಹಿಡಿದು, ತಿಂಗಳೊಳಗೆ ಬಿಟ್ಟು ಹೋಗುತ್ತಾರೆ. ಆ ಮಂಚ ವರ್ಷವಿಡೀ ಖಾಲಿ. ಸೀಟು ಸಿಗದವಳು ಮನೆಯಲ್ಲಿ ಅಳುತ್ತಿರುತ್ತಾಳೆ. ಆದ್ದರಿಂದ ಇಲ್ಲಿ ನಿಲ್ಲುವವರನ್ನೇ ಆರಿಸುತ್ತೇವೆ ಎಂದರು. ನನಗೆ ಅವರ ಮಾತು ಪೂರ್ತಿ ಒಪ್ಪಿಗೆಯಾಯಿತು. ಎದ್ದು ನಿಂತು, ನಮ್ಮ ಮಗಳನ್ನು ಸೇರಿಸಿಕೊಂಡರೆ ನಾನು ಒಂದು ಭಾನುವಾರವೂ ತಪ್ಪದೆ ಬರುತ್ತೇನೆ, ಬೇಕಿದ್ದರೆ ವಾರದ ನಡುವೆಯೂ ಬರುತ್ತೇನೆ ಎಂದು ಎಲ್ಲರೆದುರು ಹೇಳಿದೆ. ಪ್ರಮಿತಾ ನನ್ನ ಸೆರಗು ಜಗ್ಗಿದಳು. ನಾಚಿಕೆ ಸ್ವಭಾವದ ಹುಡುಗಿ, ಅವಳ ಪಾಲಿನದನ್ನೂ ನಾನೇ ಮಾತಾಡಬೇಕು.

ಬರುವಾಗ ಗಾಡಿಯಲ್ಲಿ ಅವಳು ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು. ಚಪಾತಿ ಕೊಟ್ಟರೆ ಬೇಡ ಎಂದಳು. ಯಾರಿಗಾಗಿ ಇಷ್ಟೆಲ್ಲ ಒದ್ದಾಡುತ್ತಿದ್ದೇನೆ ಎಂದು ಕೇಳಿದೆ. 

ಜೂನ್ 2, ಮಂಗಳವಾರ

ಶ್ರುತಿಗೆ ಸೀಟಿನ ಕಾರ್ಡು ಬಂದಿದೆ. ನಮಗೆ ಇಲ್ಲ.

ಜೂನ್ 3, ಬುಧವಾರ

ಇವತ್ತೂ ಇಲ್ಲ. ಅಂಚೆಯವನು ನಮ್ಮ ಬಾಗಿಲು ಬಂದರೆ ಸೈಕಲ್ಲು ಜೋರಾಗಿ ತುಳಿದು ದಾಟಿ ಹೋಗುತ್ತಾನೆ.

ಐನೂರಾ ಮೂವತ್ತಕ್ಕೆ ಸೀಟು, ಐನೂರಾ ಎಪ್ಪತ್ತೆರಡಕ್ಕೆ ಇಲ್ಲ! ಶ್ರುತಿಯ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ. ಸ್ವಲ್ಪ ಇದೆ, ಇರಲಿ. ಆದರೆ ಗೊರಕೆ ಹೊಡೆದ ತಾಯಿಗೆ ಆಸಕ್ತಿ ಇತ್ತು, ನನಗೆ ಇರಲಿಲ್ಲವೆ? ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮೈ ಪರಚಿಕೊಳ್ಳುವಂತಾಗಿದೆ. ಪ್ರಮಿತಾ ಅಳುವುದಿಲ್ಲ, ಮಾಳಿಗೆಯ ಮೇಲೆ ಹೋಗಿ ಕೂತುಬಿಡುತ್ತಾಳೆ.  ನಾಳೆ ಹೋಗಿ ಕೇಳಿಯೇ ಬರುತ್ತೇನೆ.

ಜೂನ್ 5, ಶುಕ್ರವಾರ

ನಿನ್ನೆ ಬರೆಯಲು ಆಗಲಿಲ್ಲ. ಇವತ್ತೂ ಮನಸ್ಸಿಲ್ಲ. ಆದರೆ ಬರೆದಿಡದಿದ್ದರೆ ತಲೆ ಸಿಡಿಯುತ್ತದೆ.

ಒಬ್ಬಳೇ ಹೋದೆ. ಭಗವಂತ ಸರ್ ಕುರ್ಚಿ ಕೊಟ್ಟರು, ರತ್ನಾಬಾಯಿಯನ್ನೂ ಕರೆಸಿದರು. ನಾನು ಕೂರಲಿಲ್ಲ. ಅಂಕ ಹೇಳಿದೆ, ಮೂರು ಭೇಟಿ ಹೇಳಿದೆ, ಕೋಣೆ ಹಿಡಿದದ್ದು ಹೇಳಿದೆ. ಕೊನೆಗೆ ಬಾಯಿ ತಡೆಯದೆ ಹರಕೆಯನ್ನೂ ಹೇಳಿಬಿಟ್ಟೆ. ನಿಮ್ಮ ಮೆಸ್ಸಿನಲ್ಲಿ ಉಣ್ಣಲಿಲ್ಲವೆಂದು ಮಗಳ ಸೀಟು ಕಿತ್ತುಕೊಳ್ಳುತ್ತೀರಾದರೆ, ಉಣ್ಣದೆ ಇದ್ದದ್ದೇ ಈ ಸೀಟಿಗಾಗಿ ಎಂದೆ.

ಸರ್ ರತ್ನಾಬಾಯಿಯ ಮುಖ ನೋಡಿದರು. ಅವಳು ಮೊದಲ ಸಲ ನನ್ನೆದುರು ಉದ್ದಕ್ಕೆ ಮಾತಾಡಿದಳು.

"ನಿಮ್ ಮಗಳು ಮೂರೂ ಐತಾರ ನಮ್ಮಲ್ಲೇ ಉಂಡಾಳ್ರಿ, ಅಕ್ಕೋರೇ. ಅಡಗಿ ಮನಿ ಬಾಗಲ್ದಾಗ ಶ್ರುತಿ ಬಾಜೂಕ ಕುಂತು ಉಂಡಾಳ. ನಮ್ಮಮ್ಮಗ ಹೇಳಬ್ಯಾಡ್ರಿ ಅಂದಿದ್ಳು, ನಾ ಹೇಳಿಲ್ಲ. ಆಕಿ ಇಲ್ಲಿ ಇರ್ತಾಳ್ರಿ, ನನಗ ಖರೇ ಗೊತ್ತದ. ನೀವು ಇರಗೊಡಂಗಿಲ್ಲ."

ನಾನು ಕೂತೆ. 

ಅವಳು ಮೆಲ್ಲಗೆ ಹೇಳುತ್ತ ಹೋದಳು. ಹೋದ ವರ್ಷ ಬಿಟ್ಟು ಹೋದ ಆರು ಹುಡುಗಿಯರಲ್ಲಿ ತಾವಾಗಿ ಹೋದವಳು ಒಬ್ಬಳೇ. ಉಳಿದವರನ್ನು ತಾಯಂದಿರೇ ಕರೆದುಕೊಂಡು ಹೋದರು. ಮೊದಲು ಡಬ್ಬಿ ಬರುತ್ತದೆ, ಆಮೇಲೆ ಪ್ರತಿ ಶನಿವಾರ ಮನೆಗೆ ಕರೆದೊಯ್ಯುತ್ತಾರೆ, ಆಮೇಲೆ ಊರಲ್ಲಿ ಕೋಣೆ, ದೀಪಾವಳಿಗೆ ಹೋದ ಹುಡುಗಿ ಬರುವುದೇ ಇಲ್ಲ. ಹಣಮಮ್ಮ ಹೊರಡುವಾಗ, ಇನ್ನು ಈಕೆ ನಿಮ್ಮವಳು, ಹೊಡೆದಾದರೂ ಕಲಿಸಿ ಎಂದಿದ್ದಳಂತೆ. ಅಷ್ಟೇ ಅಂತೆ ಅವಳ ಆಸಕ್ತಿ.

ಇನ್ನೂ ಎರಡು ಸೀಟು ಉಳಿದಿವೆ, ಭಾನುವಾರ ಇಬ್ಬರೂ ಬನ್ನಿ, ಸಂಜೆಗೆ ತೀರ್ಮಾನ ಮಾಡುತ್ತೇವೆ ಎಂದು ಸರ್ ಹೇಳಿದರು. ಇನ್ನೇನು ತೋರಿಸಬೇಕು ಎಂದು ಕೇಳಲು ಬಾಯಿ ತೆರೆದವಳು ಚೀಲ ಎತ್ತಿಕೊಂಡು ಹೊರಟುಬಿಟ್ಟೆ.

ಮನೆಗೆ ಬಂದು ಪ್ರಮಿತಾಳನ್ನು ಹಿಡಿದೆ. ಬೈದೆ, ನನ್ನ ಹಣೆ ಚಚ್ಚಿಕೊಂಡೆ. ದೇವರಿಗೆ ಕೊಟ್ಟ ಮಾತಿಗೆ ಮೋಸ ಮಾಡಿದೆಯಲ್ಲ, ಅದಕ್ಕೇ ಸೀಟು ಹೋಯಿತು ಎಂದೆ. ಅವಳು ತಲೆ ತಗ್ಗಿಸಲಿಲ್ಲ.

"ಹರಕಿ ನಿಂದು, ಅಮ್ಮಾ. ಸೀಟು ನಂದು. ನನಗ ಅಲ್ಲಿ ಇರಬೇಕಾಗ್ಯದ, ಅದಕ್ಕ ಉಂಡೆ."

ಇಷ್ಟು ವರ್ಷದಲ್ಲಿ ಅವಳು ನನ್ನ ಜೊತೆ ಹೀಗೆ ಮಾತಾಡಿರಲಿಲ್ಲ. ಹೊಡೆಯಲು ಎತ್ತಿದ ಕೈ ಹಾಗೇ ಇಳಿಯಿತು. ಹಿಂದಿನಿಂದ ಇವರು, ಉಂಡದ್ದಕ್ಕೆ ಏನಾಯಿತು, ಹಸಿದಿರಬೇಕು ಎಂದರು. ಈ ಮನೆಯಲ್ಲಿ ನಾನೊಬ್ಬಳೇ ಹುಚ್ಚಿ.

ಜೂನ್ 6, ಶನಿವಾರ

ಅತ್ತ ದರಿ, ಇತ್ತ ಪುಲಿ. ನಾಳೆ ಆ ಸಾಲಿನಲ್ಲಿ ಕೂತು ಉಂಡರೆ ಹರಕೆ ಮುರಿಯಿತು. ಉಣ್ಣದಿದ್ದರೆ ಸೀಟು ಹೋಯಿತು. ರಾಯರಿಗೂ ಪ್ರಿನ್ಸಿಪಾಲರಿಗೂ ಒಂದು ಮಾತು ಮೊದಲೇ ಆಡಿಕೊಳ್ಳಲು ಏನಾಗಿತ್ತು?

ಪ್ರಮಿತಾ ಇಲ್ಲದೆ ಹೋದರೂ ಅಡುಗೆ ಮಾಡಲೇಬೇಕಲ್ಲ, ಇಬ್ಬರಿಗೆ ಎಷ್ಟು ಅಕ್ಕಿ ಎಂದು ಸುಮ್ಮನೆ ಅಳತೆ ತೆಗೆದು ನೋಡಿದೆ. ಪಾತ್ರೆಯ ತಳವೂ ಮುಚ್ಚಲಿಲ್ಲ. ವಾಪಸು ಸುರಿದೆ.

ಜೂನ್ 7, ಭಾನುವಾರ

ಡಬ್ಬಿ ತೆಗೆದುಕೊಂಡು ಹೋಗಲಿಲ್ಲ. ಪ್ರಮಿತಾ ಖಾಲಿ ಚೀಲ ನೋಡಿದಳು. ಗಾಡಿ ತಡ.

ಸೀಟು ಸಿಕ್ಕವರು ಇವತ್ತು ಹಾಸ್ಟೆಲಿಗೆ ಸೇರುವ ದಿನ. ಶ್ರುತಿಯ ಟ್ರಂಕು ಹೊತ್ತು ಹಣಮಮ್ಮ ಬಂದಿದ್ದಳು. ಗಂಟೆ ಹೊಡೆದಾಗ ನಾನು ಹೋಗಿ ಅವಳ ಪಕ್ಕದಲ್ಲೇ ಕೂತೆ. ಅವಳು ಸ್ವಲ್ಪ ಸರಿದು, ನನ್ನ ಸೀರೆ ತಾಗದಂತೆ ತನ್ನ ಸೆರಗು ಎಳೆದುಕೊಂಡಳು. ನನಗೆ ಒಂಥರಾ ಆಯಿತು. ಸರಿಯಬೇಡ, ಹಾಗೇ ಕೂತಿರು ಎಂದೆ. ರತ್ನಾಬಾಯಿ ತಾನೇ ಬಂದು ಬಡಿಸಿದಳು.  ರಾಯರೇ, ತಪ್ಪು ನನ್ನದು, ಲೆಕ್ಕ ನನ್ನ ಮೇಲಿರಲಿ, ಆಕೆಗೆ ಕೊಡಿ ಎಂದು ಮನಸ್ಸಿನಲ್ಲೇ ಹೇಳಿ ಮೊದಲ ತುತ್ತು ಬಾಯಿಗಿಟ್ಟೆ.

ಹುಳಿಗೆ ಉಪ್ಪು ಸಾಲದು. ಬೇಳೆ ಬೆಂದಿರಲಿಲ್ಲ. ಇದನ್ನು ಮಗು ದಿನವೂ ಉಣ್ಣಬೇಕೆ ಎಂದು ಕಣ್ಣಲ್ಲಿ ನೀರು ಬಂತು. ಹಣಮಮ್ಮ ಅದನ್ನು ನೋಡಿದಳು.

"ಖಾರ ಹತ್ತೇದೇನ್ರಿ, ಅಕ್ಕೋರೇ?" ಎಂದಳು. ಆಮೇಲೆ ದನಿ ತಗ್ಗಿಸಿ, "ನನಗೂ ಗಂಟ್ಲಾಗ ಇಳೀಲಿಕತ್ತಿಲ್ಲ. ಸುಮ್ಕ ನುಂಗಾಕತ್ತೀನಿ. ಎರಡ್ ಸಲ ಹಾಕಿಸಿಕೊಂಡು ಉಂಡ್ರ ಮಗಳಿಗೆ ಧೈರ್ಯ ಬರ್ತದ."

ಎದುರಿನ ಸಾಲಿನಲ್ಲಿ ಪ್ರಮಿತಾ ಉಣ್ಣುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ನಾನು ತಟ್ಟೆ ಮುಂದೆ ಮಾಡಿ ಇನ್ನೊಂದು ಸಲ ಅನ್ನ ಹಾಕಿಸಿಕೊಂಡೆ.

ಯಾರನ್ನೂ ಏನೂ ಕೇಳಲಿಲ್ಲ. ಬರುವಾಗ ಸರ್ವರಬೇಗಂಳಿಗೆ ಕೋಣೆ ಬೇಡವೆಂದು ಹೇಳಿದೆ. ಅಯ್ಯೋ, ತುಳಸಿ ಕಟ್ಟೆ ಕಟ್ಟಿಸಿದ್ದೆನಲ್ಲ ಎಂದಳು. ಅವಳ ಮುಖ ನೋಡಲಾಗದೆ ಬೇಗ ಬಂದುಬಿಟ್ಟೆ.

ಜೂನ್ 10, ಬುಧವಾರ

ಕಾರ್ಡು ಬಂತು. ಪ್ರಮಿತಾ ಅಂಚೆಯವನ ಎದುರೇ ನನ್ನನ್ನು ತಬ್ಬಿಕೊಂಡಳು. ನಾನು ಒಲೆಯ ಮೇಲೆ ಹಾಲಿದೆ ಎಂದು ಒಳಗೆ ಹೋದೆ. ಹಾಲು ಇರಲಿಲ್ಲ.

ಜೂನ್ 14, ಭಾನುವಾರ

ಬಿಟ್ಟು ಬಂದೆವು. ಮಂಚ ಕಿಟಕಿಯ ಹತ್ತಿರ, ಪಕ್ಕದಲ್ಲೇ ಶ್ರುತಿ. ಉಪ್ಪಿನಕಾಯಿ ಭರಣಿ ಕೊಡಲು ಹೋದರೆ ರತ್ನಾಬಾಯಿ, ನಾಲ್ವರಿಗೂ ಆಗುವಷ್ಟಿದ್ದರೆ ಇಡಿ ಎಂದಳು. ಇಟ್ಟೆ. ಹೊರಡುವಾಗ ಪ್ರಮಿತಾ, ಒಂದು ತಿಂಗಳು ಬರಬೇಡಮ್ಮಾ, ನೀನು ಬಂದರೆ ನಾನು ಹಿಂದೆಯೇ ಬಂದುಬಿಡುತ್ತೇನೆ ಎಂದು ಕಿವಿಯಲ್ಲಿ ಹೇಳಿದಳು. ನಾನೇನು ಬರುವವಳಿದ್ದೆನೆ, ನನಗೆ ಶಾಲೆ ಇಲ್ಲವೆ ಎಂದೆ.

ಜೂನ್ 17, ಬುಧವಾರ

ಅಕ್ಕಿ ಮತ್ತೆ ಮೂವರಿಗೆ ಇಟ್ಟೆ. ದಿನಾ ಇದೇ ಆಗಿದೆ. ಉಳಿದ ಅನ್ನವನ್ನು ಆಕಳಿಗೆ ಹಾಕಿದೆ.

ಜೂನ್ 21, ಭಾನುವಾರ

ಬೆಳಗ್ಗೆ ಬೇಗ ಎದ್ದು ಮಡಿಯಲ್ಲಿ ಚಪಾತಿ ಮಾಡಿದೆ. ಮೆಂತ್ಯದ ಹಿಟ್ಟು ಕಲಸಿದೆ. ಡಬ್ಬಿ ಕಟ್ಟಿದೆ. ಕೋಣೆಯಲ್ಲಿ ನಾಲ್ವರಿದ್ದಾರೆಂದು ನಾಲ್ವರಿಗೂ ಆಗುವಷ್ಟು. ಇವರು ನೋಡಿಯೂ ನೋಡದವರಂತೆ ಪೇಪರು ಓದುತ್ತಿದ್ದರು. ಸ್ಟೇಶನ್ನಿಗೆ ಹೋಗಿ ಟಿಕೆಟೂ ತೆಗೆದೆ. ಗಾಡಿ ತಡವಾಗಿ ಬಂದಿದ್ದರೆ ಆ ಹೊತ್ತಿನಲ್ಲಿ ಮನಸ್ಸು ಗಟ್ಟಿ ಮಾಡಿಕೊಳ್ಳಬಹುದಿತ್ತು. ಜನ್ಮದಲ್ಲಿ ಒಂದು ದಿನ ಆ ದರಿದ್ರ ಪ್ಯಾಸೆಂಜರ್ ಸರಿಯಾದ ಹೊತ್ತಿಗೆ ಬಂತು.

ಬಾಗಿಲು ಸರಿಯಾಗಿ ನನ್ನೆದುರಿಗೇ ನಿಂತಿತು. ಯಾರೋ ಒಳಗಿನಿಂದ, ಹತ್ತ್ರಿ ಬಾಯಾರೇ ಎಂದರು. ನಾನು ಹತ್ತಲಿಲ್ಲ. ಗಾಡಿ ಹೋಯಿತು.

ಬಹಳ ಹೊತ್ತು ಅಲ್ಲೇ ಕಲ್ಲಿನ ಮೇಲೆ ಕೂತಿದ್ದೆ. ಮನೆಗೆ ಬಂದು ಇಬ್ಬರೂ ಡಬ್ಬಿ ಬಿಚ್ಚಿ ಉಂಡೆವು. ಇವರು ಮೆಂತ್ಯದ ಹಿಟ್ಟಿಗೆ ಉಪ್ಪು ಹೆಚ್ಚಾಗಿದೆ ಎಂದರು. ನನಗೆ ಅಳಲು ಅಷ್ಟು ನೆವ ಸಾಕಾಯಿತು. ಚೆನ್ನಾಗಿ ಅತ್ತು, ಬೈದು, ಮುಖ ತೊಳೆದುಕೊಂಡೆ.

ಮುಂದಿನ ಭಾನುವಾರವೂ ಹೋಗುವುದಿಲ್ಲ. ಅದರ ಮುಂದಿನದು ನೋಡೋಣ.